ನಾಲ್ಕು ಮೂಲೆಯ ರಕ್ತ

ನಮ್ಮಣ್ಣನಿಗೆ ಇರುವಷ್ಟು ಜನಬಳಕೆ ಇಡೀ ಮಾದಾಪುರದಲ್ಲಿ ಯಾರಿಗೂ ಇಲ್ಲ. ಅವರಲ್ಲಿ ಅರ್ಧ ಜನ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ!

ಹಾರಂಗಿ ಅಣೆಕಟ್ಟಿನ ಇಂಜಿನಿಯರು ಅವನ ಕಿವಿಯಲ್ಲೇ ವಾಸ. ಮಳೆಗಾಲದಲ್ಲಿ ಇವನನ್ನು ಕೇಳದೆ ಗೇಟು ಎತ್ತುವಂತಿಲ್ಲ. ಬಸ್ಸಿನ ಕಂಡಕ್ಟರು ಇವತ್ತು ನೀರು ಬಿಡಬಹುದಾ ಎಂದು ಕೇಳಿದರೆ, ಇವತ್ತು ನಮ್ಮ ಪುಟ್ಟಿ ಬಟ್ಟೆ ಒಗೆಯುವ ದಿನ, ನಾಳೆ ನೋಡೋಣ ಎನ್ನುತ್ತಾನೆ. ಆ ಪುಟ್ಟಿ ನಾನೇ, ತಂಗಿ. ಸ್ಕಿಜೋಫ್ರೇನಿಯಾ ಎಂಬ ಹೆಸರಿನ ಕಾಯಿಲೆ ಇದು. ಈಗ ಮಾತ್ರೆ ನುಂಗುತ್ತಾನೆ. ಹೇಗಿದೆ ಎಂದರೆ, ಒಳಗಿನವರ ಹಾಜರಿ ಕಮ್ಮಿಯಾಗಿದೆ ಎಂದು ಆಳುಗಳ ಲೆಕ್ಕ ಬರೆಯುವ ಎಸ್ಟೇಟಿನ ರೈಟರ ಹಾಗೆ ವರದಿ ಕೊಡುತ್ತಾನೆ!

ಮೊನ್ನೆ ಅವನ ಮಾತ್ರೆಗೆಂದು ಸೋಮವಾರಪೇಟೆಯ ಆಸ್ಪತ್ರೆಗೆ ಹೋದಾಗ ಹೊಸ ಡಾಕ್ಟರು ಬಂದಿದ್ದರು. ನರಗಳು ಬೆಳೆದು ಉಳಿಯಲು ಬೇಕಾದ ಒಂದು ವಸ್ತು ಮೆದುಳಿನಲ್ಲಿದೆಯಂತೆ. ಅದನ್ನು ತಯಾರಿಸುವ ಜೀನು ಒಬ್ಬೊಬ್ಬರಲ್ಲಿ ಒಂದೊಂದು ಥರವಂತೆ. ಈ ಕಾಯಿಲೆಗೂ ಅದಕ್ಕೂ ನಂಟಿದೆಯೋ ಎಂದು ನೋಡಲು ಅವನ ರಕ್ತವೂ ಒಡಹುಟ್ಟಿದವರ ರಕ್ತವೂ ಬೇಕಂತೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಅಣ್ಣನಿಗೆ ತಕ್ಷಣ ಅರ್ಥವಾಯಿತು.

“ಗೊಬ್ಬರದ ವಿಷಯ ಅನ್ನಿ,” ಎಂದ.

ಮಣ್ಣು ಪರೀಕ್ಷೆಗೆ ನಾವು ತೋಟದ ನಾಲ್ಕೂ ಮೂಲೆಯ ಮಣ್ಣು ತೆಗೆದು, ಬೆರೆಸಿ, ಒಂದು ಹಿಡಿ ಕೊಡುತ್ತೇವೆ. ಅಣ್ಣ ಚಪ್ಪಲಿ ಬಿಚ್ಚಿ, ಎರಡು ಕೈ, ಎರಡು ಕಾಲು ಒಟ್ಟಿಗೆ ಡಾಕ್ಟರ ಮುಂದೆ ಚಾಚಿದ. “ಒಂದೇ ಕಡೆ ತಗಂಡ್ರೆ ರಿಪೋರ್ಟು ತಪ್ಪಾಗುತ್ತೆ ಸಾರ್. ನಾಲ್ಕೂ ಕಡೆ ತೆಗ್ದು ಬೆರ್ಸಿ.” ನರ್ಸಮ್ಮ ನಗು ತಡೆಯಲಾರದೆ ಹೊರಗೆ ಓಡಿದರು!

ಡಾಕ್ಟರು ನನ್ನ ಕಡೆ ತಿರುಗಿ, ನೀವು ತಂಗಿಯಾ ಎಂದು ಕೇಳಿದರು.

ಬಾಗಿಲ ಬಳಿಯ ಬೆಂಚಿನಲ್ಲಿ ಮಂಡಿನೋವಿಗೆ ಎಣ್ಣೆ ಬರೆಸಲು ಬಂದ ಒಬ್ಬ ಹೆಂಗಸು ಕೂತಿದ್ದರು. ನನ್ನ ಮಗಳನ್ನು ಸೊಸೆ ಮಾಡಿಕೊಳ್ಳುವ ಮನಸ್ಸಿದ್ದವರು. ಹೆಣ್ಣು ನೋಡಲು ಅವರು ಬಂದ ದಿನ, ಅವರ ಕಣ್ಣಿಗೆ ಬೀಳದಿರಲೆಂದು ಅಣ್ಣನನ್ನು ನಾನು ಕಾಫಿ ಕಣ ಕಾಯಲು ಕಳಿಸಿದ್ದೆ.

“ಅಲ್ಲ ಸಾರ್. ಪಕ್ಕದ್ಮನೆಯವ್ಳು.”

ಅಣ್ಣ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಬೆಂಚಿನ ಕಡೆ ನೋಡಿದ.

“ಹೌದು ಸಾರ್, ಪಕ್ಕದ್ಮನೆಯವ್ರು. ಒಳ್ಳೆ ಜನ. ದಿನಾ ಊಟ ಹಾಕ್ತಾರೆ,” ಎಂದ.

ಹುಟ್ಟಿದಾಗಿನಿಂದ ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಅವನ ರಕ್ತವನ್ನಷ್ಟೇ ತೆಗೆದು ಕಳಿಸಿದರು. ಬಸ್ಸಿನಲ್ಲೂ ಅಣ್ಣ ದೂರ, ಗಂಡಸರ ಸಾಲಿನಲ್ಲಿ ಕೂತ. ಆ ಹೆಂಗಸೂ ಅದೇ ಬಸ್ಸು ಹತ್ತಿದ್ದರು. ನಾನು ಎದ್ದು ಅವನ ಪಕ್ಕಕ್ಕೆ ಹೋದರೆ, ಕಿಟಕಿಯ ಕಡೆ ಸರಿದು ಪಿಸುಗುಟ್ಟಿದ: “ಆಯಮ್ಮ ನೋಡ್ತಾರೆ ಪುಟ್ಟಿ. ಅವತ್ತು ಕಣದಿಂದ ಕಂಡಿದ್ದೆ. ಆ ಕಡೆ ಹೋಗು. ಮಗೂ ಮದ್ವೆ ಆಗ್ಲಿ.”

ಬಸ್ಸು ಹೊರಡಲು ಕಂಡಕ್ಟರು ಸೀಟಿ ಊದುವ ಮೊದಲೇ ನಾನು ಅವನ ಕೈ ಹಿಡಿದೆ.

“ಸ್ವಲ್ಪ ದಾರಿ ಬಿಡಿ ಅಮ್ಮ,” ಎಂದೆ ಆ ಹೆಂಗಸಿಗೆ. “ನಾನೂ ನಮ್ಮಣ್ಣನೂ ಇಳಿಬೇಕು. ಡಾಕ್ಟ್ರಿಗೆ ನನ್ ರಕ್ತ ಕೊಡೋದು ಬಾಕಿ ಇದೆ.”