ಗಿಟಾರ್ ಕಚ್ಚಿ ನೋಡಿದ್ದು

ಕಾಫಿ ಬೆಳೆಯುವ ನಮಗೊಂದು ಚಾಳಿಯಿದೆ. ಯಾವುದನ್ನೂ ಬರಿಗಣ್ಣಿನಿಂದ ನೋಡಿ ಸುಮ್ಮನಿರಲಾರೆವು. ಮೂಸುತ್ತೇವೆ, ಅಂಗೈಯಲ್ಲಿ ತೂಗುತ್ತೇವೆ, ಕೊನೆಗೆ ಹಲ್ಲಿಗೆ ಕೊಡುತ್ತೇವೆ. ಕಣದಲ್ಲಿ ಹರಡಿದ ಕಾಫಿ ಒಣಗಿದೆಯೋ ಇಲ್ಲವೋ ತಿಳಿಯಲು ಬೀಜವೊಂದನ್ನು ಕಚ್ಚುವುದು ನಮ್ಮ ಪದ್ಧತಿ. ತೇವ ಅಳೆಯುವ ಮೆಷಿನ್ ಮನೆಯಲ್ಲಿದ್ದರೂ ನನಗೆ ನನ್ನ ಹಲ್ಲಿನ ಮೇಲೇ ಭರವಸೆ. ಕಳೆದ ವಾರ ಅದೇ ನನ್ನ ಮಾನ ಕಳೆಯಿತು.

ನನ್ನ ಹೆಂಡತಿ ಸುಧಾ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ. ಗೋಣಿಬೀಡಿನ ನಮ್ಮ ತೋಟದ ಮಂಗಗಳು ಕಿತ್ತಳೆ ಬಿಟ್ಟು ಅದನ್ನು ಕೇಳುತ್ತವೆಂದು ನಾನು ನಂಬಿದ್ದೇನೆ. ಓಡಿಹೋಗುತ್ತವೆ ಎನ್ನುವುದು ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಅಭಿಪ್ರಾಯ. ಸುಧಾಳ ಬಳಿ ಒಂದೇ ಮಾದರಿಯ ಎರಡು ಗಿಟಾರ್‌ಗಳಿವೆ. ಒಂದು ತೀರಿಹೋದ ನಮ್ಮ ಮಾವನವರದು, ಅವಳ ಪ್ರಾಣ. ಇನ್ನೊಂದು ಅದೇ ಕಂಪನಿಯ ಈಚಿನದು. ಶನಿವಾರ ಕ್ಲಬ್ಬಿನಲ್ಲಿ ನುಡಿಸಲು ಯಾವುದನ್ನು ಒಯ್ಯಲಿ ಎಂದು ನನ್ನನ್ನು ಕೇಳಿದಳು. ನನ್ನ ಅಭಿಪ್ರಾಯ ಕೇಳುವುದು ಈ ಮನೆಯಲ್ಲಿ ಅಪರೂಪ. ಕನ್ನಡಕ ಒರೆಸಿಕೊಂಡು ಕೂತೆ.

ನೋಡಲು ಎರಡೂ ಅವಳಿಜವಳಿ, ಕೈಗೆತ್ತಿಕೊಂಡರೆ ಬೇರೆ ಬೇರೆ ಜೀವ. ಹಳೆಯದರ ಕತ್ತು ಗುದ್ದಲಿ ಕಾವಿನಂತೆ ಅಂಗೈ ತುಂಬುತ್ತದೆ; ಹೊಸದರದ್ದು ಸಪೂರ, ಬೆರಳು ತಾನಾಗಿ ಜಾರುತ್ತದೆ. ಬೆರಳೊತ್ತುವ ಪಟ್ಟಿಗೆ ಹಳೆಯದರಲ್ಲಿ ಬೀಟೆ ಮರದ ದಪ್ಪ ಹಲಗೆಯನ್ನೇ ಕೂರಿಸಿದ್ದಾರೆ. ಹೊಸದರಲ್ಲಿ ಅದು ತೆಳು, ಆದರೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆ, ಅಂದರೆ ಫ್ರೆಟ್, ಒಂದು ಹೆಚ್ಚು. ಹಳೆಯದರ ಪಾಲಿಶ್ ಈರುಳ್ಳಿ ಸಿಪ್ಪೆಯಷ್ಟೇ. ಮಾವನವರ ಮೊಣಕೈ ಸವೆಸಿದ ಕಡೆ ಮರ ಕಾಣುತ್ತದೆ. ಹೊಸದಕ್ಕೆ ದಪ್ಪನೆಯ ಲೇಪ, ಮುಖ ನೋಡಿಕೊಳ್ಳಬಹುದು. ಎರಡನ್ನೂ ಮಾಡಿದ ಕೈಗಳಿಗೆ ನಮಸ್ಕಾರ ಹೇಳಬೇಕೆನಿಸಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮಳೆಗಾಲ ಆಗಷ್ಟೇ ಮುಗಿದಿತ್ತು. ಯಾವ ಮರ ತೇವ ಎಳೆದಿದೆಯೋ ಎಂಬ ಅನುಮಾನ ಬಂತು. ಗಿಟಾರಿನ ಒಡಲಿಗೆ ಕೊಂಬಿನಂಥ ತುದಿಗಳಿರುತ್ತವಲ್ಲ, ಅಂಥದೊಂದನ್ನು ಬಾಯಿಗಿಟ್ಟೆ. ಅಷ್ಟರಲ್ಲಿ ಸುಧಾ ಕಾಫಿ ಹಿಡಿದು ಬಂದಳು.

“ಅಯ್ಯೋ ಮಾರಾಯ್ರೇ, ಅಪ್ಪನ ಗಿಟಾರ್ ಕಚ್ತಾ ಇದ್ದೀರಾ?”

“ತೇವ ನೋಡ್ತಿದ್ದೆ ಕಣೇ.”

ಲೋಟ ಇಟ್ಟು ಗಿಟಾರ್ ಕಿತ್ತುಕೊಂಡಳು. ಹಲ್ಲಿನ ಗುರುತು ಚೆನ್ನಾಗಿಯೇ ಮೂಡಿತ್ತು. ಅವಳ ಕಣ್ಣು ತುಂಬಿತು. ವೈರ್ ಸಿಕ್ಕಿಸಿ ತಂತಿ ಮೀಟಿದಳು. ಅದೇ ತುಂಬು ದನಿ, ಒಂದಿಷ್ಟೂ ಕೆಟ್ಟಿರಲಿಲ್ಲ. ನನಗೆ ಹೋದ ಜೀವ ಬಂತು. ಅವಳು ಗುರುತನ್ನು ಸವರುತ್ತ ಕೂತಿದ್ದು, ಕೊನೆಗೆ ನಕ್ಕಳು.

“ಇದು ಅಪ್ಪನ ಮೊಣಕೈದು, ಇದು ಅವರ ಬೆಲ್ಟಿಂದು. ಇದೊಂದು ನಿಮ್ದೂ ಇರ್ಲಿ ಬಿಡಿ. ಕ್ಲಬ್ಬಿಗೆ ಇದನ್ನೇ ತಗೊಂಡು ಹೋಗ್ತೀನಿ. ಇನ್ನೊಂದ್ಸಲ ಕಚ್ಬೇಕು ಅನ್ಸಿದ್ರೆ ಹೊಸದನ್ನ ಕಚ್ಚಿ, ಅದಕ್ಕೇನೂ ಆಗಲ್ಲ.”

ಹೊಸದನ್ನು ನಾನು ಮೊದಲೇ ಕಚ್ಚಿ ನೋಡಿದ್ದೆ. ಅವಳು ಹೇಳಿದ್ದು ನಿಜ, ಅದಕ್ಕೇನೂ ಆಗಿರಲಿಲ್ಲ. ಊಟಕ್ಕೆ ನಾನು ಮಾತ್ರ, ನೋಯುವ ಹಲ್ಲಿಗೆ ತಾಗದ ಹಾಗೆ, ಕಡುಬನ್ನು ಸಾರಿನಲ್ಲಿ ನೆನೆಸಿ, ಅಗಿಯದೆ ನುಂಗಿದೆ.