ಆನೆಯ ಜ್ವರ ನೋಡಿದ ಅಂಗೈ

"ಈ ಸಲ ಎಣ್ಣೆ ನಾನೇ ಬದಲಾಯಿಸ್ತೀನಿ!" ಎಂದು ಆ ಶುಕ್ರವಾರ ಬೆಳಿಗ್ಗೆ ನಾನು ಘೋಷಿಸಿದಾಗ, ಮಗಳ ಬಾಯಿಗೆ ಹೋಗುತ್ತಿದ್ದ ಬ್ರೆಡ್ಡು ಅರ್ಧ ದಾರಿಯಲ್ಲೇ ನಿಂತಿತು.

"ಯಾವ ಎಣ್ಣೆ? ತಲೆಗಾ?"

"ತಲೆಗಲ್ಲ ಕಣೇ, ಆನೆಗೆ!"

ಆನೆ ಎಂದರೆ ನಮ್ಮ ಯಜಮಾನರು ಬಿಟ್ಟುಹೋದ ಮೋಟಾರ್ ಸೈಕಲ್ಲು. ದೂರದೂರ ಹೋಗುವುದಕ್ಕೆಂದೇ ಹುಟ್ಟಿದ ಗಾಡಿ. ಅಕ್ಕಪಕ್ಕ ಎರಡು ಪೆಟ್ಟಿಗೆ, ಹಿಂದೆ ಒರಗಲು ದಿಂಬು, ತೂಕ ನಾಲ್ಕು ಆಳಿನದು. ಇದಕ್ಕೆ ಚೈನಿಲ್ಲ. ಚೈನಿನ ಬದಲು ಕೊಳವೆಯೊಳಗೆ ಉಕ್ಕಿನ ಶಾಫ್ಟು ತಿರುಗುತ್ತದೆ. ಅದರ ತುದಿಯಲ್ಲಿ, ಹಿಂದಿನ ಚಕ್ರಕ್ಕೆ ಅಂಟಿಕೊಂಡು, ಕುಂಬಳಕಾಯಿಯ ಮರಿಯಂಥ ಒಂದು ಗೇರಿನ ಡಬ್ಬಿ. ಅದರೊಳಗೆ ಎಣ್ಣೆ. ಎಣ್ಣೆ ಸರಿಯಾಗಿದ್ದರೆ ಡಬ್ಬಿ ಬೆಚ್ಚಗಿರುತ್ತದೆ, ಕಡಿಮೆಯಾದರೆ ಕಾಯುತ್ತದೆ. ತೀರಾ ಕಾದರೆ ಒಳಗಿನ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡು, ಓಡುತ್ತಿರುವ ಚಕ್ರ ಗಪ್ಪನೆ ನಿಂತುಬಿಡುತ್ತದೆ. ಚಕ್ರ ನಿಲ್ಲುತ್ತದೆ, ಮೇಲೆ ಕೂತವರು ಮಾತ್ರ ಮುಂದಕ್ಕೆ ಹೋಗುತ್ತಾರೆ! ಎಲ್ಲಿಗೆ ಎಂದು ಯಜಮಾನರು ಯಾವತ್ತೂ ಬಿಡಿಸಿ ಹೇಳಿರಲಿಲ್ಲ. ಕೈಯನ್ನು ಆಕಾಶದ ಕಡೆ ತೋರಿಸುತ್ತಿದ್ದರು.

ಭಾನುವಾರ ಮಗಳ ಜೊತೆ ಅದೇ ಆನೆಯ ಮೇಲೆ ಗುಡ್ಡ ದಾಟಿ ನನ್ನ ತಂಗಿಯ ಮನೆಗೆ ಹೋಗುವುದಿತ್ತು.

"ಅಮ್ಮ, ಮೆಕ್ಯಾನಿಕ್‌ಗೆ ಕೊಡೋಣ. ನಿಂಗ್ಯಾಕೆ ಇದೆಲ್ಲ?" ಎಂದಳು ಮಗಳು. ಅವಳು ಹಲ್ಲಿನ ಡಾಕ್ಟರು. ಊರಿನವರ ಹಲ್ಲು ಇವಳು ನೋಡಬಹುದು, ಗಾಡಿಯ ಹಲ್ಲು ನಾನು ನೋಡಬಾರದಂತೆ!

"ಮೂವತ್ತು ವರ್ಷ ನಿಮ್ಮಪ್ಪನ ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿದ್ದೀನಿ. ಒಂದೊಂದು ಬೋಲ್ಟೂ ಗೊತ್ತು ನಂಗೆ."

"ಏನಾದ್ರೂ ಎಡವಟ್ಟಾದ್ರೆ?"

"ಆದ್ರೆ ಈ ಜನ್ಮದಲ್ಲಿ ಸ್ಪ್ಯಾನರ್ ಮುಟ್ಟಲ್ಲ!"

ಅವಳು ಆಸ್ಪತ್ರೆಗೆ ಹೋದ ಮೇಲೆ ಸೆರಗು ಸಿಕ್ಕಿಸಿ ಇಳಿದೆ. ಮೂವತ್ತೆಂಟು ವರ್ಷ ಹಾಸ್ಟೆಲಿನ ಅಡುಗೆಮನೆಯಲ್ಲಿ ಕುದಿಯುವ ಹಂಡೆ ಇಳಿಸಿದವಳಿಗೆ ಒಂದು ಡಬ್ಬಿ ಯಾವ ಲೆಕ್ಕ? ಯಜಮಾನರು ಈ ಕೆಲಸಕ್ಕೆ ಕೂರುವ ಮುನ್ನ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ ನೆಟ್ಟಗೆ ನಿಲ್ಲಿಸುತ್ತಿದ್ದರು. ನಾನೂ ಏರಿಸಲು ಹೋದೆ. ಆನೆ ಅಲ್ಲಾಡಲಿಲ್ಲ, ನನ್ನ ಸೊಂಟ ಅಲ್ಲಾಡಿತು. ನೆಟ್ಟಗೆ ನಿಲ್ಲಿಸುವುದೆಲ್ಲ ಗಂಡಸರ ಶೋಕಿ ಎಂದುಕೊಂಡು, ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿದ್ದ ಹಾಗೆಯೇ ಕೆಲಸ ಶುರುಮಾಡಿದೆ. ಕೆಳಗಿನ ಬೋಲ್ಟು ಬಿಚ್ಚಿದೆ, ಹಳೆಯ ಎಣ್ಣೆ ಬೋಗುಣಿಗೆ ಇಳಿಯಿತು. ಬೋಲ್ಟು ಹಾಕಿ ಬಿಗಿದು, ಎಡಮಗ್ಗುಲಿನ ಮೇಲಿನ ತೂತಿಗೆ ಹೊಸದನ್ನು ಸುರಿದೆ. ತೂತಿನ ಬಾಯಿಗೆ ಎಣ್ಣೆ ಇಣುಕಿದರೆ ಹೊಟ್ಟೆ ತುಂಬಿತು ಎಂದರ್ಥ. ಎಷ್ಟು ಬೇಗ ಇಣುಕಿತು ಅಂತೀರಿ! ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಗಂಡಸರು ಚೆಲ್ಲುತ್ತಾರೆ, ಹೆಂಗಸರು ಉಳಿಸುತ್ತಾರೆ ಎಂದು ಬೀಗಿದೆ.

ಸಂಜೆ ಮಗಳು ಬಂದು ಬಗ್ಗಿ ನೋಡಿದಳು. "ಪರವಾಗಿಲ್ವೇ ಅಮ್ಮ! ಎಷ್ಟು ಹಿಡೀತು?"

"ಹಿಡಿಯೋವಷ್ಟು ಹಿಡೀತು."

ಭಾನುವಾರ ಹೊರಡುವಾಗ ಆ ಅರ್ಧ ಬಾಟಲಿ ಕಿಟಕಿಯ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಯಾಕೋ ಅದು ಮಗಳ ಕಣ್ಣಿಗೆ ಬೀಳುವುದು ಬೇಡವೆನಿಸಿತು. ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿದೆ.

ಗುಡ್ಡದ ಮೊದಲ ತಿರುವಿನಲ್ಲಿ ನನಗೆ ಯಜಮಾನರು ಕಂಡರು. ಹೆದರಬೇಡಿ, ನೆನಪಿನಲ್ಲಿ! ಎಣ್ಣೆ ಹಾಕಿ ಮುಗಿಸಿದ ಮೇಲೆ ಅವರು ಖಾಲಿ ಬಾಟಲಿಯನ್ನು ಅದೇ ಕಿಟಕಿಯ ಕಟ್ಟೆಯ ಮೇಲೆ ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ಖಾಲಿ ಬಾಟಲಿ! ಪ್ರತಿ ವರ್ಷ! ಮೂವತ್ತು ವರ್ಷವೂ ಆ ಡಬ್ಬಿಗೆ ಬಾಟಲಿ ಪೂರ್ತಿ ಹಿಡಿದಿತ್ತು. ಈ ವರ್ಷ ಅದರ ಹೊಟ್ಟೆ ಸಣ್ಣದಾಯಿತೇ? ಉಳಿದರ್ಧ ನನ್ನ ತೊಡೆಯ ಮೇಲಿನ ಚೀಲದಲ್ಲಿ ಗುಳುಗುಳು ಎನ್ನುತ್ತಿತ್ತು.

ಎಡಗಡೆ ಬಂಡೆ, ಬಲಗಡೆ ಪ್ರಪಾತ. ಪ್ರಪಾತದ ತಳದಲ್ಲಿ ಮರಗಳು ಬೆಂಕಿಕಡ್ಡಿಯಷ್ಟು ಕಾಣುತ್ತಿದ್ದವು. ಮಗಳ ಸೊಂಟವನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅವಳು ಕೆಮ್ಮಿದಳು. ಹೇಳಿಬಿಡಲೇ? ಹೇಳಿದರೆ ಸ್ಪ್ಯಾನರ್ ಹೋಗುತ್ತದೆ, ಮಾನವೂ ಹೋಗುತ್ತದೆ. ಹೇಳದಿದ್ದರೆ? ನನ್ನ ಕೈ ತಾನಾಗಿ ಆಕಾಶದ ಕಡೆ ಎದ್ದಿತು.

"ಮಗಳೇ, ಬೀರು ಕೀಲಿ ಹಿಟ್ಟಿನ ಡಬ್ಬಿಯಲ್ಲಿದೆ ಕಣೇ!" ಎಂದು ಅವಳ ಹೆಲ್ಮೆಟ್ಟಿಗೆ ಕೂಗಿದೆ.

"ಈಗ್ಯಾಕಮ್ಮ ಅದು?"

"ಸುಮ್ನೆ ಹೇಳ್ದೆ!"

ಆಮೇಲೆ ಹೊಳೆಯಿತು. ನಾನು ಹೋದರೆ ಅವಳೂ ನನ್ನ ಜೊತೆಗೇ ಹೊರಟಿರುತ್ತಾಳೆ. ಕೀಲಿ ಯಾರಿಗೆ? ಅಲ್ಲಿಯವರೆಗೆ ನನ್ನ ಪ್ರಾಣದ ಭಯವಿತ್ತು. ಅಲ್ಲಿಂದ ಮುಂದೆ ಅವಳ ಪ್ರಾಣದ ಭಯ.

ಆಗ ಯಜಮಾನರ ಇನ್ನೊಂದು ಮಾತು ನೆನಪಾಯಿತು. "ಓಡಿಸಿ ನಿಲ್ಲಿಸಿದ ಮೇಲೆ ಡಬ್ಬಿ ಮೇಲೆ ಅಂಗೈ ಇಡು. ಹತ್ತು ಎಣಿಸೋವರೆಗೆ ತಡ್ಕೊಂಡ್ರೆ ಆನೆಗೆ ಜ್ವರ ಇಲ್ಲ." ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೆ ಹತ್ತರವರೆಗೆ ಎಣಿಸಲು ಅಷ್ಟು ಓದು ಸಾಕು!

"ಗಾಡಿ ನಿಲ್ಸು ಕಣೇ. ಒಂದಕ್ಕೆ ಹೋಗ್ಬೇಕು."

ಪೊದೆಯ ಹಿಂದೆ ಸುಮ್ಮನೆ ನಿಂತು ಬಂದೆ. ಚಪ್ಪಲಿ ಸರಿಮಾಡುವವಳಂತೆ ಬಗ್ಗಿ ಡಬ್ಬಿಯ ಮೇಲೆ ಕೈಯಿಟ್ಟೆ. ಒಂದು, ಎರಡು, ಮೂರು... ಹತ್ತು. ಹೆಚ್ಚಿಗೆ ಐದು ಎಣಿಸಿದೆ. ಏನೂ ಆಗಲಿಲ್ಲ! ಹೋದ ಜೀವ ಬಂದಿತು.

ಐದು ಕಿಲೋಮೀಟರಿಗೆ ಆ ಜೀವ ಮತ್ತೆ ಹೊರಟಿತು. "ನಿಲ್ಸು ಕಣೇ, ಒಂದಕ್ಕೆ." ಮತ್ತೆ ಪೊದೆ, ಮತ್ತೆ ಚಪ್ಪಲಿ, ಮತ್ತೆ ಹದಿನೈದು. ಕೈ ಸರಿಯಿದೆ ಎನ್ನುತ್ತದೆ, ಆದರೆ ಮೂಗು ಒಪ್ಪುತ್ತಿಲ್ಲ. ಕೊಳೆತ ಮೊಟ್ಟೆಯನ್ನು ಬಾಣಲೆಗೆ ಒಡೆದು ಹಾಕಿದಂಥ ವಾಸನೆ. ಮಗಳ ಮೂಗಿಗೂ ಹೋಯಿತು.

"ಏನಮ್ಮ ಇದು ವಾಸನೆ?"

"ಮುಂದಿನ ಲಾರಿದು."

"ಮುಂದೆ ಲಾರಿನೇ ಇಲ್ವಲ್ಲ!"

"ಹೋಗ್ಬಿಟ್ಟಿರ್ಬೇಕು."

ನಾಲ್ಕನೇ ಸಲ ನಿಲ್ಲಿಸಿದ್ದು ಗುಡ್ಡದ ನೆತ್ತಿಯಲ್ಲಿ. ಅಲ್ಲೊಂದು ಚಹಾ ಅಂಗಡಿ, ಪಕ್ಕದಲ್ಲೊಂದು ಗ್ಯಾರೇಜು. ಮುಂದೆ ಬರೀ ಇಳಿಜಾರು.

"ಅಮ್ಮ, ಒಂದು ಗಂಟೇಲಿ ನಾಲ್ಕು ಸಲ! ನಾಳೆನೇ ಸಕ್ಕರೆ ಟೆಸ್ಟ್ ಮಾಡಿಸ್ತೀನಿ ನಿಂಗೆ," ಎಂದು ಮಗಳು ಗಾಬರಿಯ ಮುಖ ಮಾಡಿಕೊಂಡು ಚಹಾ ತರಲು ಹೋದಳು. ನಾನು ಕುಕ್ಕರುಗಾಲಿನಲ್ಲಿ ಕೂತು ಡಬ್ಬಿಯ ಮೇಲೆ ಅಂಗೈ ಇಟ್ಟೆ.

"ಅಜ್ಜಿ, ಚಕ್ರದ ಹತ್ರ ಏನ್ ಮಾತಾಡ್ತಿದ್ದೀರಾ?" ಗ್ಯಾರೇಜಿನ ಮೆಕ್ಯಾನಿಕ್ಕು ಬಂದು ನಿಂತಿದ್ದ.

"ಎಣಿಸ್ತಿದ್ದೀನಪ್ಪ. ಹದಿನೇಳು, ಹದಿನೆಂಟು..."

ಅವನು ಮೂಗು ಅರಳಿಸಿದ. ಬಗ್ಗಿ ಡಬ್ಬಿಗೆ ಎರಡು ಬೆರಳು ತಾಗಿಸಿದ. "ಅಯ್ಯಯ್ಯಪ್ಪಾ!" ಎಂದು ಒಂದು ಮಾರು ಹಿಂದಕ್ಕೆ ಹಾರಿ ಬೆರಳನ್ನು ಬಾಯಿಗಿಟ್ಟುಕೊಂಡ. ಆಮೇಲೆ ಅಂಗಡಿಯ ತಂಬಿಗೆಯಿಂದ ನಾಲ್ಕು ಹನಿ ನೀರು ಚಿಮುಕಿಸಿದ. ಚುಂಯ್! ಹನಿಗಳು ಡಬ್ಬಿಯ ಮೇಲೆ ಕುಣಿದು ಆವಿಯಾದವು.

"ಇದರ ಮೇಲೆ ಕೈ ಇಟ್ಟು ಹದಿನೆಂಟು ಎಣಿಸಿದ್ರಾ? ಎಲ್ಲಿ, ಕೈ ತೋರ್ಸಿ!" ಅಂಗೈ ತಿರುಗಿಸಿ, ಉಗುರಿನಿಂದ ಕುಟ್ಟಿ ನೋಡಿದ. ಟಕ್ ಟಕ್ ಎಂದಿತು. "ಏನ್ ಕೆಲಸ ಮಾಡ್ತಿದ್ರಿ?"

"ಹಾಸ್ಟೆಲ್ ಅಡುಗೆ. ಮೂವತ್ತೆಂಟು ವರ್ಷ."

"ಇದು ಕೈಯಲ್ಲ ಅಜ್ಜಿ, ಸೌಟು!"

ಆಗ ಅರ್ಥವಾಯಿತು. ನಮ್ಮ ಯಜಮಾನರು ಅಂಚೆ ಕಚೇರಿಯಲ್ಲಿ ಕೂತು ಕಾಗದಕ್ಕೆ ಮುದ್ರೆ ಒತ್ತುತ್ತಿದ್ದವರು. ಅವರದು ಹೂವಿನಂಥ ಕೈ. ಬಿಸಿ ಚಹಾದ ಲೋಟವನ್ನೂ ಕರವಸ್ತ್ರ ಸುತ್ತಿ ಹಿಡಿಯುತ್ತಿದ್ದರು. ಅವರ ಹತ್ತನ್ನು ನಾನು ನನ್ನ ಕೈಯಲ್ಲಿ ಎಣಿಸಿದ್ದೆ!

ಎರಡು ಲೋಟ ಹಿಡಿದು ಮಗಳು ಹಿಂದೆಯೇ ನಿಂತಿದ್ದಳು. "ಅಮ್ಮ. ಮೊನ್ನೆ ಎಷ್ಟು ಹಿಡೀತು ಅಂದೆ?"

"ಹಿಡಿಯೋವಷ್ಟು..."

"ಎಣ್ಣೆ ಕಡಿಮೆ ಇದೆ ಮೇಡಂ," ಎಂದ ಮೆಕ್ಯಾನಿಕ್ಕು. "ಈ ಗಾಡಿಗೆ ಹಾಕೋದು ನನ್ನ ಹತ್ರ ಇಲ್ಲ. ಪೇಟೆಯಿಂದ ತರಿಸ್ಬೇಕು, ನಾಳೆ ಆಗುತ್ತೆ."

ನಾನು ಚೀಲಕ್ಕೆ ಕೈ ಹಾಕಿದೆ. ಟವೆಲು ಬಿಚ್ಚಿ ಅರ್ಧ ಬಾಟಲಿಯನ್ನು ಅವನ ಮುಂದಿಟ್ಟೆ. ಮೆಕ್ಯಾನಿಕ್ಕು ಮಗಳನ್ನು ನೋಡಿದ, ಮಗಳು ನನ್ನನ್ನು ನೋಡಿದಳು, ನಾನು ಚಪ್ಪಲಿ ನೋಡಿಕೊಂಡೆ.

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೆಂಚಿನ ಮೇಲೆ ಕೂತಳು. ಎರಡು ಲೋಟವನ್ನೂ ಪಕ್ಕಕ್ಕಿಟ್ಟಳು. "ಆ ಮೂರನೇ ತಿರುವಲ್ಲಿ ಬಸ್ಸು ಎದುರಿಗೆ ಬಂತಲ್ಲಮ್ಮ... ಆಗ ಏನಾದ್ರೂ ಗೇರಿನ ಹಲ್ಲು ಕಚ್ಚಿಕೊಂಡಿದ್ರೆ..." ಬೈದಿದ್ದರೇ ಚೆನ್ನಾಗಿತ್ತು.

ಡಬ್ಬಿ ಆರುವಷ್ಟರಲ್ಲಿ ಹೆದರಿಕೆಗೆ ನಾನು ಮೂರು ಲೋಟ ಚಹಾ ಕುಡಿದೆ. ಮೆಕ್ಯಾನಿಕ್ಕು ಮತ್ತು ಅಂಗಡಿಯವನು ಸೇರಿ ಆನೆಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿದರು. "ವಾಲಿಸಿಕೊಂಡು ತುಂಬಿದ್ರೆ ಅರ್ಧಕ್ಕೇ ತೂತಿನ ಬಾಯಿಗೆ ಬರುತ್ತೆ ಅಜ್ಜಿ. ನೆಟ್ಟಗೆ ನಿಲ್ಲಿಸಿಯೇ ತುಂಬ್ಬೇಕು," ಎಂದ. ಗಂಡಸರ ಶೋಕಿಯ ಗುಟ್ಟು ಇದು! ಬಿಚ್ಚಿದ ಬೋಲ್ಟಿಗೆ ಉಕ್ಕಿನ ನುಣ್ಣನೆ ಪುಡಿ ಅಂಟಿತ್ತು, ಮುರಿದ ಹಲ್ಲಿನ ಚೂರೇನೂ ಇರಲಿಲ್ಲ. "ಹಲ್ಲು ಉಳಿದಿವೆ," ಎಂದ. ಹಲ್ಲಿನ ಡಾಕ್ಟರು ತಾನೂ ಬಗ್ಗಿ ನೋಡಿದ ಮೇಲೆಯೇ ಉಸಿರು ಬಿಟ್ಟಳು.

ಉಳಿದರ್ಧ ಪೂರ್ತಿ ಹಿಡಿಯಿತು, ಕೊನೆಯ ಹನಿಯವರೆಗೆ. ಅವನು ಖಾಲಿ ಬಾಟಲಿಯನ್ನು ಗ್ಯಾರೇಜಿನ ಕಟ್ಟೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದ. ನಾನು ಆ ಕಡೆ ನೋಡಲಿಲ್ಲ.

ಇಳಿಜಾರು ಶುರುವಾಗಿ ಸ್ವಲ್ಪ ದೂರ ಹೋದ ಮೇಲೆ, ಆ ಮೂರು ಲೋಟ ಚಹಾ ತಮ್ಮ ಕೆಲಸ ಶುರುಮಾಡಿದವು.

"ಮಗಳೇ, ನಿಲ್ಸು ಕಣೇ. ಒಂದಕ್ಕೆ!"

"ಸಾಕಮ್ಮ ನಾಟಕ. ಎಣ್ಣೆ ಹಾಕಿ ಆಯ್ತಲ್ಲ."

"ಈ ಸಲ ನಿಜವಾಗ್ಲೂ ಕಣೇ!"

ಆನೆ ನಿಲ್ಲಲಿಲ್ಲ. ಹೆಲ್ಮೆಟ್ಟಿನೊಳಗಿಂದ ಅವಳ ಅಪ್ಪನದೇ ದನಿ ಬಂದಿತು: "ಎಣಿಸ್ತಾ ಇರು. ಹತ್ತರವರೆಗೆ ತಡ್ಕೊಂಡ್ರೆ ಏನೂ ಆಗಲ್ಲ."

ತಂಗಿಯ ಮನೆಯ ಗೇಟು ಕಂಡಾಗ ನಾನು ಎರಡು ಸಾವಿರದ ನಾನೂರ ಹನ್ನೊಂದರಲ್ಲಿದ್ದೆ.