ರೆಪ್ಪೆ ನುಡಿದ ಸಾಕ್ಷಿ

ಮೈಮೇಲೆ ಬೇರೆಲ್ಲಿ ತುರಿಕೆ ಎದ್ದರೂ ಮನುಷ್ಯ ಹೇಗೋ ಮಾನ ಉಳಿಸಿಕೊಳ್ಳಬಹುದು. ಬೆನ್ನಿಗೆ ಅಂಗಿಯುಂಟು, ಕಾಲಿಗೆ ಧೋತರವುಂಟು, ಕೈಗೆ ತುಂಬುತೋಳುಂಟು. ಕಣ್ಣಿನ ರೆಪ್ಪೆಗೆ ಮಾತ್ರ ದೇವರು ಹೊದಿಕೆ ಕೊಟ್ಟಿಲ್ಲ. ಮಾತಾಡಲು ಬಂದವರು ಮೊದಲು ನೋಡುವುದೇ ಅಲ್ಲಿ. ಜೇವರ್ಗಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ಗಳಿಸಿದ್ದ ಒಂದಿಷ್ಟು ಮರ್ಯಾದೆಯನ್ನು ನನ್ನ ಎರಡು ರೆಪ್ಪೆಗಳು ಹರಾಜಿಗಿಟ್ಟ ಕಥೆಯನ್ನು ಹೇಳುತ್ತೇನೆ. ನಗಬೇಕೆನಿಸಿದರೆ ನಗಿ, ಆದರೆ ಅದಕ್ಕೆ ಮೊದಲು ಒಮ್ಮೆ ಕನ್ನಡಿ ನೋಡಿಕೊಂಡು ಬನ್ನಿ.

ಅದು ಶುರುವಾದದ್ದು ಒಂದು ಸೋಮವಾರ. ಹಿಂದಿನ ದಿನ ಶರಣಪ್ಪನ ಕ್ಷೌರದ ಅಂಗಡಿಗೆ ಹೋಗಿ ಬಂದಿದ್ದೆ. ಯಾಕೆ ಹೋಗಿದ್ದೆ ಎಂಬುದನ್ನು ಆಮೇಲೆ ಹೇಳುತ್ತೇನೆ, ಅದಕ್ಕೆ ಸ್ವಲ್ಪ ಧೈರ್ಯ ಬೇಕು. ಬೆಳಿಗ್ಗೆ ಎದ್ದರೆ ರೆಪ್ಪೆಗಳೆರಡೂ ಊದಿಕೊಂಡು ಕೆಂಪಾಗಿವೆ, ಮುಟ್ಟಿದರೆ ಒಣಗಿದ ಸಿಪ್ಪೆಯಂತೆ ಪುಡಿ ಉದುರುತ್ತದೆ. ಕಡಿತವಂತೂ ಕೇಳಬೇಡಿ. ಉಜ್ಜಿದರೆ ಒಂದು ಗಳಿಗೆ ಸ್ವರ್ಗ, ಆಮೇಲೆ ಒಂದು ತಾಸು ನರಕ. ನಾನು ಸೀಮೆಸುಣ್ಣದ ಧೂಳನ್ನು ಬೈದೆ, ಬಿಸಿಲನ್ನು ಬೈದೆ, ಹೆಂಡತಿ ಶಾಂತಾ ಒಗ್ಗರಣೆಗೆ ಹಾಕುವ ಮೆಣಸಿನಕಾಯಿಯನ್ನೂ ಬೈದೆ. ಬೈಯಬೇಕಾದವನೊಬ್ಬನನ್ನು ಬಿಟ್ಟು ಮಿಕ್ಕೆಲ್ಲರನ್ನೂ ಬೈದೆ.

ನಮ್ಮ ಕಡೆ ಯಾರೂ ಔಷಧ ಬರೀ ಹೇಳಿ ಹೋಗುವುದಿಲ್ಲ, ಕೈಯಾರೆ ಹಚ್ಚಿಯೇ ಹೋಗುತ್ತಾರೆ. ಬೇಡವೆಂದರೆ ಅದು ಔಷಧಕ್ಕಲ್ಲ, ತಂದವರಿಗೆ ಮಾಡಿದ ಅವಮಾನ. ಶಾಂತಾ ಔಡಲೆಣ್ಣೆ ಹಚ್ಚಿದಳು. ಪಕ್ಕದ ಮನೆಯ ಗಫೂರ್ ಚಾಚಾ, ಎಪ್ಪತ್ತು ದಾಟಿದ ಹಿರಿಯರು, ಕಣ್ಕಪ್ಪಿನ ಬೆಳ್ಳಿಯ ಸುರ್ಮಾದಾನಿ ಹಿಡಿದುಕೊಂಡೇ ಬಂದರು. "ಮಾಸ್ತರ್ ಸಾಬ್, ಜರಾ ಮ್ಯಾಲೆ ನೋಡ್ರಿ. ನಮ್ಮ ಅಬ್ಬಾನ ಕಾಲದ ಸುರ್ಮಾ. ಹಚ್ಚಿದ್ರ ಕಣ್ಣ ಠಂಡಾ ಆಗ್ತಾವ" ಎಂದು ಕಡ್ಡಿ ಎಳೆದೇಬಿಟ್ಟರು. ಕಣ್ಣು ಠಂಡಾ ಆಗಲಿಲ್ಲ. ಕೆಂಪಿನ ಮೇಲೆ ಕಪ್ಪು ಗೀಟು ಬಿದ್ದು, ನಾನು ಬಯಲಾಟದ ರಾಕ್ಷಸನ ಪಾತ್ರಕ್ಕೆ ತಯಾರಾದವನಂತೆ ಶಾಲೆಗೆ ಹೋದೆ. ಮಕ್ಕಳು ಅಂದು ಎಂದಿಗಿಂತ ಶಿಸ್ತಿನಿಂದ ಕೂತಿದ್ದರು.

ಕೊನೆಗೆ ಔಷಧದ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೆಯ ಶಿಷ್ಯ. ಚೀಟಿ ಕೇಳಲಿಲ್ಲ, ಕಣ್ಣನ್ನೂ ಸರಿಯಾಗಿ ನೋಡಲಿಲ್ಲ. "ಈ ಟ್ಯೂಬ್ ಒಯ್ರಿ ಸರ್. ಗಜಕರ್ಣಕ್ಕೂ ಇದೇ, ಇಸಬಿಗೂ ಇದೇ, ಹುಡುಗ್ಯಾರು ಮಾರಿ ಬೆಳ್ಳಗಾಗಲಿ ಅಂತಾನೂ ಇದನ್ನೇ ಒಯ್ತಾರ" ಎಂದ. ಅವನಿಗೆ ಕಲಿಸಿದವನು ನಾನೇ ಆದ್ದರಿಂದ ಅವನನ್ನು ನಂಬಬಾರದಿತ್ತು. ಆದರೆ ಎರಡೇ ದಿನದಲ್ಲಿ ಕೆಂಪು ಮಾಯವಾಯಿತು. ಶಿಷ್ಯನ ಬಗ್ಗೆ ಹೆಮ್ಮೆಪಟ್ಟು ಇನ್ನೊಂದು ಟ್ಯೂಬ್ ತಂದಿಟ್ಟೆ.

ಆ ನಡುವೆಯೇ ಅಫಜಲಪುರದಿಂದ ಗಂಡಿನವರು ಮಗಳು ಸುಜಾತಾಳನ್ನು ನೋಡಲು ಬಂದದ್ದು. ಹುಡುಗ ಅಲ್ಲಿಯ ಕಾಲೇಜಿನಲ್ಲಿ ಉಪನ್ಯಾಸಕ, ಇವಳು ಇಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಬ್ಬರೂ ಹಿತ್ತಲಲ್ಲಿ ಕಾಲು ತಾಸು ಮಾತಾಡಲೆಂದು ಹೋದವರು ಒಂದು ತಾಸಾದರೂ ಬರಲಿಲ್ಲ. ಅದಕ್ಕಿಂತ ಹೆಚ್ಚಿನ ಒಪ್ಪಿಗೆ ಯಾರಿಗೆ ಬೇಕು? ಹುಡುಗನ ತಂದೆ ಸಿದ್ರಾಮಪ್ಪನವರು ಮಾತ್ರ ಕೊಂಚ ಬಿಗುವಿನ ಮನುಷ್ಯರಂತೆ ಕಂಡರು. ಮನೆಯೊಳಗೂ ಕರಿ ಕನ್ನಡಕ ತೆಗೆಯಲಿಲ್ಲ, ಅವಲಕ್ಕಿ ಸೂಸಲ ತಿನ್ನುವಾಗಲೂ ತೆಗೆಯಲಿಲ್ಲ. ಅರವತ್ತೈದರ ತಲೆಯಲ್ಲಿ ಒಂದು ಬಿಳಿ ಎಳೆಯಿಲ್ಲ. ಅದನ್ನು ಕಂಡು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. "ಮನಿತನಾ ಕೇಳಿ ಹೇಳ್ತೇವಿ" ಎಂದು ಹೋದರು.

ಮನೆತನ ಕೇಳುವುದೆಂದರೆ ಗೊತ್ತಲ್ಲ. ಅವರ ಕಡೆಯ ಒಬ್ಬ ಯಾರಿಗೂ ಹೇಳದೆ ಊರಿಗೆ ಬಂದು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಚಹಾ ಕುಡಿದು, ನಿಮ್ಮ ಮೂರು ತಲೆಮಾರಿನ ಸುದ್ದಿ ಗಂಟು ಕಟ್ಟಿಕೊಂಡು ಹೋಗುತ್ತಾನೆ. ನಾನು ಹೆದರುವ ಕಾರಣವೇ ಇರಲಿಲ್ಲ. ಪ್ರತಿ ಗಾಂಧಿ ಜಯಂತಿಗೆ ಕುಡಿತದ ವಿರುದ್ಧ ಮುಕ್ಕಾಲು ತಾಸು ಭಾಷಣ ಮಾಡುವವನು ನಾನು. ಆದರೆ ಆ ಹೊತ್ತಿಗೆ ಟ್ಯೂಬ್ ತನ್ನ ಗುಣ ತೋರಿಸಿತ್ತು. ಮಾಯವಾಗಿದ್ದ ಕೆಂಪು ಬಡ್ಡಿ ಸಮೇತ ಮರಳಿ ಬಂದು, ಕಣ್ಣು ಮೆಣಸಿನ ಹಣ್ಣಾಗಿದ್ದವು. ಸಂಜೆಯ ಬಿಸಿಲು ತಾಳದೆ ನಾನು ತಲೆ ತಗ್ಗಿಸಿ, ಗೋಡೆಯ ನೆರಳು ಹಿಡಿದು, ಒಂದೆರಡು ಕಡೆ ಎಡವುತ್ತ ಮನೆಗೆ ಬರುತ್ತಿದ್ದೆ. ಊರಿಗೆ ಇನ್ನೇನು ಬೇಕು?

ಸಂಬಂಧ ತಂದಿದ್ದ ನನ್ನ ಹೆಂಡತಿಯ ತಮ್ಮ, ಇಜೇರಿಯ ಮಲ್ಲಿನಾಥ, ಜೋತುಬಿದ್ದ ಮುಖ ಹೊತ್ತು ಬಂದ. "ಮಾಮಾ, ಅವರು ಸುಮ್ಮ ಆಗ್ಯಾರ. ಹೋಟೆಲ್‌ದಾಂವ ಹೇಳ್ಯಾನಂತ, ಮಾಸ್ತರ್ರು ದೇವರಂಥಾ ಮನಿಷ್ಯಾರು, ಆದ್ರ ಈಚೀಗಿ ಕಣ್ಣ ಕೆಂಪಗ ಇರ್ತಾವ, ಗ್ವಾಡಿ ಹಿಡದು ನಡೀತಾರ, ನಾ ಏನೂ ಅನ್ನಂಗಿಲ್ಲ ಅಂತ." ಆ 'ನಾ ಏನೂ ಅನ್ನಂಗಿಲ್ಲ' ಇದೆಯಲ್ಲ, ನಮ್ಮ ಕಡೆ ಅದಕ್ಕಿಂತ ದೊಡ್ಡ ಆರೋಪವಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಜಾತಾ ಒಳಗೆ ಹೋದಳು. ಎರಡು ದಿನ ಅವಳ ಫೋನು ಸದ್ದು ಮಾಡಲಿಲ್ಲ. ಆ ಎರಡು ದಿನ ನನ್ನ ಕಣ್ಣಲ್ಲಿ ನೀರು ಬಂದದ್ದು ತುರಿಕೆಯಿಂದಲ್ಲ.

ಶಾಂತಾ ನನ್ನನ್ನು ಬಸ್ಸಿಗೆ ಹತ್ತಿಸಿ ಕಲಬುರಗಿಯ ಚರ್ಮದ ಡಾಕ್ಟರ ಬಳಿ ಕರೆದೊಯ್ದಳು. ನನ್ನ ಮಗಳ ವಯಸ್ಸಿನ ಹುಡುಗಿ. ದೀಪ ಹಿಡಿದು ನೋಡಿ, "ಎಕ್ಝಿಮಾ ಅದರಿ. ಕಣ್ಣಿನ ಸುತ್ತಲಿನ ಚರ್ಮ ಮೈಯಾಗೇ ಭಾಳ ತೆಳು. ಏನೇನು ಹಚ್ಚೀರಿ?" ಎಂದಳು. ಪಟ್ಟಿ ಒಪ್ಪಿಸಿದೆ. ಟ್ಯೂಬಿನ ಹೆಸರು ಕೇಳಿದ್ದೇ ಅವಳ ಮುಖ ಬದಲಾಯಿತು. ಅದನ್ನು ರೆಪ್ಪೆಯ ಮೇಲೆ ಹೀಗೆ ಹಚ್ಚುತ್ತಾ ಹೋದರೆ ಕಣ್ಣೊಳಗಿನ ಒತ್ತಡ ಏರಿ ನೋಟಕ್ಕೇ ಕುತ್ತು ಬರಬಹುದು ಎಂದು, ನಾನು ಒಂಬತ್ತನೇ ತರಗತಿಯವರನ್ನು ಗದರಿಸುವ ಧ್ವನಿಯಲ್ಲೇ ಗದರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ತಲಿಗೆ ಏನ್ ಹಚ್ತೀರಿ ಸರ್?"

"ಕೊಬ್ಬರಿ ಎಣ್ಣಿ" ಎಂದೆ.

ಅವಳು ನನ್ನ ಕಿವಿಯ ಹಿಂದೆ ನೋಡಿದಳು. ಶಾಂತಾ ನನ್ನ ಮುಖ ನೋಡಿದಳು. "ಹನ್ನೆರಡು ವರ್ಷ ಆತ್ರಿ ಡಾಕ್ಟರ, ತಿಂಗಳಿಗೆ ಎರಡು ಸಲ ತಲಿ ಕರಿ ಆಗ್ಲಿ ಅಂತ ಕಾಲಿ ಮೆಹಂದಿ ಹಚ್ಕೋತಾರ. ಮೀಸಿಗೂ, ಹುಬ್ಬಿಗೂ. ನನಗ ಗೊತ್ತಿಲ್ಲ ಅಂತ ತಿಳಕೊಂಡಾರ" ಎಂದಳು. ಶರಣಪ್ಪನ ಅಂಗಡಿಯ ಗುಟ್ಟು ಹೀಗೆ ಬಯಲಾಯಿತು. ಮೆಹಂದಿ ತಾನಾಗಿ ಕಪ್ಪಾಗುವುದಿಲ್ಲ, ಕಪ್ಪು ಮಾಡಲು ಬೆರೆಸುವ ರಾಸಾಯನಿಕ ನಿಮಗೆ ಒಗ್ಗುತ್ತಿಲ್ಲ, ತಲೆಯ ಚರ್ಮ ಗಟ್ಟಿಯಾದ್ದರಿಂದ ತಡೆದುಕೊಳ್ಳುತ್ತದೆ, ತೊಳೆಯುವಾಗ ಇಳಿದ ನೀರಿಗೆ ರೆಪ್ಪೆ ತಡೆಯುವುದಿಲ್ಲ ಎಂದು ಡಾಕ್ಟರ್ ವಿವರಿಸಿದಳು. ಮೆರೆದದ್ದು ತಲೆ, ಉರಿದದ್ದು ಕಣ್ಣು. ಚೀಟಿಯಲ್ಲಿ ಹತ್ತು ದಿನಕ್ಕೆ ಒಂದು ಸೌಮ್ಯ ಮುಲಾಮು, ವಾಸನೆಯಿಲ್ಲದ ಒಂದು ಜಿಡ್ಡು, ತಣ್ಣೀರಲ್ಲಿ ಅದ್ದಿದ ಬಟ್ಟೆ ಬರೆದು, ಸುರ್ಮಾ ಬೇಡ, ಎಣ್ಣೆ ಬೇಡ, ಉಜ್ಜಬೇಡಿ ಎಂದು ಸೇರಿಸಿ, ಕೊನೆಗೆ ಎರಡು ಗೀಟೆಳೆದು 'ಕೂದಲಿನ ಬಣ್ಣ ಬಂದ್' ಎಂದು ಬರೆದಳು.

ಈಗ ನನ್ನ ಸಂಕಟ ನೋಡಿ. ಕುಡುಕನಲ್ಲವೆಂದು ರುಜುವಾತು ಮಾಡಲು ನನ್ನಲ್ಲಿದ್ದದ್ದು ಆ ಚೀಟಿ ಒಂದೇ. ಅದನ್ನು ತೋರಿಸಿದರೆ ಕುಡಿತದ ಮಾತು ಅಳಿಯುತ್ತದೆ, ಕರಿಗೂದಲಿನ ಮಾನ ಹೋಗುತ್ತದೆ. ನಿಜ ಹೇಳುತ್ತೇನೆ, ವಾಪಸು ಬರುವಾಗ ಬಸ್ಸಿನಲ್ಲಿ ನಾನು ಎರಡನ್ನೂ ತೂಗಿ ನೋಡಿದೆ. ಕುಡುಕನೆನಿಸಿಕೊಂಡರೂ ಕರಿಗೂದಲಿನ ಕುಡುಕನಾಗಿರಬಹುದಲ್ಲ ಎಂದೂ ಒಂದು ಗಳಿಗೆ ಅನ್ನಿಸಿತು. ಮನೆಯಲ್ಲಿ ಸುಜಾತಾ ಚೀಟಿ ಓದಿ, "ಅಪ್ಪಾ, ನಿಮಗ ಕೂದಲಾ ಬೇಕೋ ಅಳಿಯಾ ಬೇಕೋ ಹೇಳಿಬಿಡ್ರಿ" ಎಂದಳು. ಮರುದಿನವೇ ಅಫಜಲಪುರಕ್ಕೆ ಹೊರಟೆ.

ಸಿದ್ರಾಮಪ್ಪನವರು ಪಡಸಾಲೆಯಲ್ಲಿ ಅದೇ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಬರ್ರಿ ಎಂದರು, ಆದರೆ ಆ ಬರ್ರಿಯಲ್ಲಿ ಜೀವವಿರಲಿಲ್ಲ. ಮೂವತ್ತು ವರ್ಷ ಮಾತಾಡಿಯೇ ಹೊಟ್ಟೆ ಹೊರೆದ ನಾನು ಮಾತಿಗೆ ಮೊದಲು ಚೀಟಿ ಮುಂದೆ ಹಿಡಿದೆ. "ನಾ ಕುಡಿಯಂಗಿಲ್ಲರಿ. ಕರಿ ಹಚ್ಕೋತೇನಿ. ತಪ್ಪ ಅದೊಂದೇ ನೋಡ್ರಿ" ಎಂದೆ. ಅವರು ಚೀಟಿ ಓದಿದರು, ಇನ್ನೊಮ್ಮೆ ಓದಿದರು. ಬಾಗಿಲ ಕಡೆ ನೋಡಿ ಮೆಲ್ಲಗೆ ಕನ್ನಡಕ ತೆಗೆದರು. ಅವರ ರೆಪ್ಪೆಗಳು ಕೆಂಪಿನಲ್ಲಿ ನನ್ನವಕ್ಕಿಂತ ಒಂದು ಕೈ ಮೇಲಿದ್ದವು.

"ಬೀಗರ," ಎಂದು ಪಿಸುಗುಟ್ಟಿದರು, "ಈ ಡಾಕ್ಟರ ದವಾಖಾನಿ ಎಲ್ಲಿ ಬರ್ತದ? ಮೂರು ತಿಂಗಳಾತು ಸಾಯಾಕತ್ತೇನಿ. ಮನ್ಯಾಗ ಕಣ್ಣಿಗೆ ಪೊರಿ, ಮೋತಿಬಿಂದು ಬಂದಾದ ಅಂತ ಹೇಳೇನಿ."

ಒಳಗಿನಿಂದ ಅವರ ಹೆಂಡತಿಯ ಧ್ವನಿ ಕೇಳಿಸಿತು. "ಯಾವ ಮೋತಿಬಿಂದು? ನಿಮ್ಮ ಕರಿ ಹತ್ತಿದ ತಲಿದಿಂಬಿನ ಬಟ್ಟಿ ಒಗಿಯಾಕಿ ನಾನು. ಬೀಗರಿಗೆ ಚಹಾ ಇಟ್ಟೇನಿ, ಸುಮ್ಮ ಕುಂದರ್ರಿ."

ಹಾಗೆ ಸಂಬಂಧ ಕುದುರಿತು. ತಿಂಗಳೊಳಗೆ ಕಣ್ಣು ತಿಳಿಯಾದವು, ಶರಣಪ್ಪನ ಕತ್ತರಿಗೆ ಕರಿ ಉದುರಿ ತಲೆ ಬೆಳ್ಳಗಾಯಿತು. ಬಿಳಿಗೂದಲಲ್ಲಿ ಮೊದಲ ಸಲ ಬೀದಿಗೆ ಇಳಿದ ದಿನ, ಊರೇ ಬೆಚ್ಚಿಬಿದ್ದೀತು, ಶಿಷ್ಯರು ನಕ್ಕಾರು ಎಂದುಕೊಂಡಿದ್ದೆ. ಎಲ್ಲರೂ ಎಂದಿನಂತೆ ನಮಸ್ಕಾರ ಎಂದು ಹೋದರು. ತಡೆಯಲಾರದೆ ಗಫೂರ್ ಚಾಚಾನನ್ನು ನಿಲ್ಲಿಸಿ, ನನ್ನಲ್ಲಿ ಏನಾದರೂ ಫರಕು ಕಾಣುತ್ತದೆಯೇ ಎಂದು ಕೇಳಿದೆ.

"ಹಾಂ, ಕಣ್ಣ ಸಾಫ್ ಆಗ್ಯಾವ. ನಮ್ಮ ಸುರ್ಮಾದ ಕರಾಮತ್ ನೋಡ್ರಿ."

"ಕೂದಲಾ, ಚಾಚಾ?"

ಚಾಚಾ ನನ್ನ ತಲೆಯನ್ನು ಹಿಂದೆ ಮುಂದೆ ನೋಡಿದರು. "ಕೂದಲಕ್ಕ ಏನಾಗ್ಯಾದ? ನಿಮ್ಮ ಕೂದಲ ಬೆಳ್ಳಗಾಗಿ ಹನ್ನೆರಡು ವರ್ಷ ಆತಲ್ಲ, ಮಾಸ್ತರ್ ಸಾಬ್?"

ನಾನು ಕುಡಿಯುತ್ತೇನೆಂದು ಈ ಊರು ಒಂದೇ ವಾರದಲ್ಲಿ ನಂಬಿತ್ತು. ನನ್ನ ಕೂದಲು ಕಪ್ಪೆಂದು ಹನ್ನೆರಡು ವರ್ಷದಲ್ಲಿ ನಂಬಿದ್ದವನು ನಾನೊಬ್ಬನೇ.